ಹಳ್ಳದ ಠರಾವು, ಅಯ್ಯನೋರ ಪಂಚಾಂಗ

ಆ ವರ್ಷ ಎರಡು ಶ್ರಾವಣ ಬಂದಿದ್ದವು. ಮೊದಲನೆಯದು ಅಧಿಕ ಶ್ರಾವಣ. ಅದು ಮುಗಿಯಲು ಇನ್ನು ನಾಲ್ಕು ದಿನವಿತ್ತು. ಮಳೆ ಎರಡು ಸಲ ಹದವಾಗಿ ಬಿದ್ದು, ಒಂದು ವಾರದಿಂದ ಬಿಡುವು ಕೊಟ್ಟಿತ್ತು. ಎರೆಹೊಲದಲ್ಲಿ ತೊಗರಿ ಗೇಣುದ್ದ ಎದ್ದು ನಿಂತಿತ್ತು. ಸಂತೆದಿನ್ನಿಯ ಕರಿಬಸಯ್ಯ ಹೊತ್ತು ಮೂಡುವ ಮೊದಲೇ ಎತ್ತು ಹೂಡಿ ಎಡೆ ಹೊಡೆಯುತ್ತಿದ್ದರು. ಕುಂಟೆ ಸಾಲಿನ ನಡುವೆ ಹೋದ ಕಡೆಯೆಲ್ಲ ಹಸಿಮಣ್ಣು ಮೇಲೆ ಬರುತ್ತಿತ್ತು. ಕುಂಟೆಗೆ ಸಿಗದ ಕಳೆಯನ್ನು ಹಿಂದಿನಿಂದ ಐದಾರು ಹೆಣ್ಣುಮಕ್ಕಳು ಕುರ್ಪಿ ಹಿಡಿದು ತೆಗೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ಇದ್ದವರು ಗದ್ದೆಮ್ಮ. ಅವರ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು.

ಮಧ್ಯಾಹ್ನದ ಹೊತ್ತಿಗೆ ಬಂಡಿದಾರಿಯ ಮೇಲೆ ಒಂದು ಸ್ಕೂಟಿ ಕುಲುಕಾಡುತ್ತ ಬಂದು ಬದುವಿನ ಬಳಿ ನಿಂತಿತು. ಇಳಿದವಳು ಗದ್ದೆಮ್ಮನವರ ಮಗಳು ಅಂಬಿಕಾ. ಬಿ.ಎ. ಓದಿದವಳು. ಲಿಂಗಸುಗೂರಿನ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಒಂದು ಕಚೇರಿ ಇದೆ. ಅಲ್ಲಿ ಸ್ವಯಂಸೇವಕಿ. ಅವಳು ವಕೀಲಳಲ್ಲ. ವಕೀಲರ ಹತ್ತಿರ ಹೋಗಲು ಹೆದರುವವರಿಗೆ ದಾರಿ ತೋರಿಸುವುದು ಅವಳ ಕೆಲಸ.

ಕರಿಬಸಯ್ಯ ಎತ್ತು ನಿಲ್ಲಿಸಿದರು.

“ಏನ್ ಬೇ ಅಂಬಿಕಾ, ಗಾಡಿ ಹೊಲದ ತನಾ ತಂದಿ. ನಿಮ್ಮವ್ವನ್ನ ಕರಕೊಂಡ್ ಹೊಂಟೀಯೇನು? ಇನ್ನ ನಾಕ್ ಸಾಲ ಬಾಕಿ ಅದಾವ.”

“ಅವ್ವ ಇಲ್ಲೇ ಇರ್ಲಿ ಅಯ್ಯನೋರ. ನಾ ನಿಮ್ಮನ್ನ ಕರಿಯಾಕ ಬಂದೀನಿ.”

“ಎಲ್ಲಿಗೆ?”

“ಕೋರ್ಟಿಗೆ.”

ಹೆಣ್ಣುಮಕ್ಕಳೆಲ್ಲ ಕುರ್ಪಿ ಬಿಟ್ಟು ನಕ್ಕರು. ಒಬ್ಬಾಕೆ ಸೆರಗು ಬಾಯಿಗೆ ಹಿಡಿದು, “ಏನ್ ಮಾಡಿ ಬಂದೀರಿ ಅಯ್ಯನೋರ, ನಮಗೂ ಹೇಳ್ರಿ” ಎಂದಳು.

ಎಲ್ಲರೂ ಬೇವಿನ ನೆರಳಿಗೆ ಬಂದು ಕುಳಿತರು. ಗದ್ದೆಮ್ಮ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು. ಅದು ಹಳ್ಳದ ನೀರು. ಸಂತೆದಿನ್ನಿಯಲ್ಲಿ ಬೋರಿನ ನೀರೆಲ್ಲ ಸವಳು. ಸ್ನಾನಕ್ಕೆ, ದನಕ್ಕೆ ಆಗುತ್ತದೆ, ಅಷ್ಟೇ. ನಲ್ಲಿಯ ನೀರು ಬಂದರೆ ಬಂತು. ಊರ ಹೊರಗಿನ ಹಳ್ಳದಲ್ಲಿ ಉಸುಕು ಬಗೆದರೆ ಸಿಹಿನೀರು ಒಸರುತ್ತದೆ. ಆ ಒರತೆಯ ನೀರನ್ನೇ ಊರು ಕುಡಿಯುತ್ತದೆ. ಬೇಸಿಗೆಯಲ್ಲಿ ಒಂದು ಮಾರು ಆಳಕ್ಕೆ ಹೋಗಬೇಕು, ಆದರೂ ಕೊಡ ತುಂಬುತ್ತದೆ.

ಅಂಬಿಕಾ ಚೀಲದಿಂದ ಕಾಗದ ತೆಗೆದಳು.

“ಹಳ್ಳದಾಗ ಸುಣ್ಣದ ಗೆರಿ ಎಳದಾರಲ್ರೀ, ಅದು ಕಾಲುವಿ ಸರ್ವೆ ಅಂತ ತಿಳದಿದ್ವಿ. ಅಲ್ಲ. ಮಾಹಿತಿ ಹಕ್ಕಿನಾಗ ಹತ್ತ ರೂಪಾಯಿ ಕಟ್ಟಿ ಕೇಳಿದ್ದೆ. ನಿನ್ನೆ ಉತ್ತರ ಬಂದೈತಿ. ಪಟ್ಟಣ ಪಂಚಾಯಿತಿ ಠರಾವು ಮಾಡೈತಿ. ಅರ್ಧ ಹಳ್ಳಕ್ಕ ಮಣ್ಣ ತುಂಬಿ ಅರವತ್ತ ಮಳಿಗಿ ಕಟ್ತಾರಂತ.”

“ಎಲ್ಲಿ ತುಂಬ್ತಾರ? ಯಾವ ಕಡಿಗೆ?” ಗದ್ದೆಮ್ಮ ಕೇಳಿದರು.

“ವರತಿ ಇರೋ ಕಡಿಗೇನ ಬೇ. ಈ ನಕ್ಷಾದಾಗ ನೋಡು. ಹಳ್ಳ ಅಂತ ಬರದೇ ಇಲ್ಲ. ಖಾಲಿ ಜಾಗಾ ಅಂತ ತೋರ್ಸ್ಯಾರ.”

ಗದ್ದೆಮ್ಮ ಕೈಯಲ್ಲಿದ್ದ ಚೊಂಬನ್ನು ನೋಡಿದರು. ಮೂವತ್ತು ವರ್ಷ ಆ ಖಾಲಿ ಜಾಗದಿಂದಲೇ ಅವರು ದಿನಕ್ಕೆ ನಾಲ್ಕು ಕೊಡ ನೀರು ಹೊತ್ತಿದ್ದರು.

ಕರಿಬಸಯ್ಯ ಗಡ್ಡ ತುರಿಸಿಕೊಂಡರು. ಅವರಿಗೆ ಇದರಲ್ಲಿ ಇನ್ನೊಂದು ಯೋಚನೆ ಇತ್ತು. ಮಗ ಗುರುಬಸವ ಮಸ್ಕಿಯಲ್ಲಿ ಯಾರದೋ ಅಂಗಡಿಯ ಮೂಲೆಯಲ್ಲಿ ಕುಳಿತು ಮೊಬೈಲ್ ರಿಪೇರಿ ಮಾಡುತ್ತಿದ್ದ. ಊರಲ್ಲೇ ಒಂದು ಮಳಿಗೆ ಸಿಕ್ಕರೆ ಮನೆಗೆ ಬರುತ್ತಾನೆ.

“ನೋಡಬೇ ತಂಗಿ,” ಎಂದರು. “ಪಂಚಾಯಿತಿ ಅಂದ್ರ ಸರ್ಕಾರ. ಠರಾವು ಆತಂದ್ರ ಆತು. ಕೇಸ್ ಹಾಕಿದ್ರ ಊರು ಸುಧಾರಣೆ ಆಗೋದಕ್ಕ ಇವ್ರು ಅಡ್ಡ ಬಂದ್ರು ಅಂತಾರ. ಮ್ಯಾಲೆ ಇಂಥಾ ಹಳ್ಳ-ಕೆರಿ ಕೇಸಿಗೆ ಚೆನ್ನೈಗೆ ಹೋಗ್ಬೇಕಂತ ಕೇಳೀನಿ. ನಮಗ ಅಲ್ಲಿ ಮಾತು ಬರಾಂಗಿಲ್ಲ, ದಾರಿ ಗೊತ್ತಿಲ್ಲ.”

“ಮಳಿಗಿ ಬ್ಯಾಡ ಅಂತ ಯಾರ ಹೇಳಾಕತ್ತಾರ್ರೀ? ಹಳ್ಳದಾಗ ಬ್ಯಾಡ ಅನ್ನೋದು. ಪಂಚಾಯಿತಿ ಠರಾವೂ ಕಾಯ್ದೆಗಿಂತ ದೊಡ್ಡದಲ್ಲ. ನೀರು, ಗಾಳಿ, ಕೆರಿ, ಹಳ್ಳ ಇವಕ್ಕ ಧಕ್ಕಿ ಆಗೋ ಕೆಲಸ ಇದ್ರ, ಹಸಿರು ನ್ಯಾಯಮಂಡಳಿ ಅಂತ ಐತಿ, ಅಲ್ಲಿ ಕೇಳಬಹುದು. ಅದರ ಪೀಠ ಚೆನ್ನೈದಾಗ ಐತಿ, ಖರೆ. ಆದ್ರ ಅರ್ಜಿ ಕಂಪ್ಯೂಟರ್‌ನಾಗ ಹಾಕ್ತಾರ. ವಕೀಲರು ಇಲ್ಲಿಂದನ ವಿಡಿಯೊದಾಗ ಮಾತಾಡ್ತಾರ. ನಿಮ್ಮ ಎತ್ತು ಚೆನ್ನೈ ತನಾ ನಡಿಯೋದು ಬ್ಯಾಡ.”

“ವಕೀಲರಿಗೆ ಕೊಡಾಕ?”

“ಹೆಣ್ಣುಮಕ್ಕಳು ಅರ್ಜಿ ಹಾಕಿದ್ರ ಸಮಿತಿ ವಕೀಲರನ್ನ ಪುಕ್ಕಟಿ ಕೊಡತೈತಿ. ಬಡವಿ ಇರ್ಲಿ, ಸಾವ್ಕಾರ್ತಿ ಇರ್ಲಿ. ನೀವು ಜೊತಿಗೆ ಬಂದು ಕುಂದ್ರ್ರಿ ಸಾಕು. ನಿಮ್ಮ ಮಾತಿಗೆ ನಾಕ್ ಮಂದಿ ಬರ್ತಾರ. ಆರ್ ತಿಂಗಳ ಒಳಗ ಅರ್ಜಿ ಬೀಳಬೇಕು. ಮಾರ್ಚ್ ಇಪ್ಪತ್ತೊಂಬತ್ತಕ್ಕ ಠರಾವು ಆಗೈತಿ.”

“ಅಧಿಕ ಮಾಸ ನಡದೈತಿ. ಇದರಾಗ ಹೊಸಾ ಕೆಲಸ ಹಿಡೀಬಾರ್ದು. ನಿಜ ಶ್ರಾವಣ ಬರ್ಲಿ, ನೋಡೂಣು.”

ಅಂಬಿಕಾ ಹೆಚ್ಚು ಒತ್ತಾಯ ಮಾಡಲಿಲ್ಲ. ಅರ್ಜಿಗೆ ಬೇಕಾದ ಭೂಮಾಪನದ ನಕ್ಷೆ, ನೀರಿನ ಪರೀಕ್ಷೆ, ಫೋಟೊ ಇವನ್ನೆಲ್ಲ ಅಷ್ಟರಲ್ಲಿ ತರಬೇಕಿತ್ತು. ಅವಳು ಗಾಡಿ ತಿರುಗಿಸಿಕೊಂಡು ಹೋದಳು.

ಅವಳು ಹೋದ ಮೇಲೆ ಒಬ್ಬಾಕೆ ಕೇಳಿದಳು: “ಆರ್ ತಿಂಗಳಂದ್ರ ಯಾವಾಗ್ರೀ ಅಯ್ಯನೋರ?”

ಊರಲ್ಲಿ ದಿನ, ತಿಥಿ, ಮುಹೂರ್ತ ಏನಿದ್ದರೂ ಕರಿಬಸಯ್ಯನವರನ್ನೇ ಕೇಳುವುದು. ಬಿತ್ತನೆಗೆ ಯಾವ ದಿನ ಕೂರಿಗೆ ಪೂಜೆ, ಹೆಣ್ಣು ನೋಡಲು ಯಾವ ದಿನ ಹೊರಡಬೇಕು, ಎಲ್ಲವನ್ನೂ ಅವರು ಬೆರಳಿನ ಗೆಣ್ಣಿನ ಮೇಲೆ ಹೇಳುತ್ತಿದ್ದರು. ಈಗಲೂ ಹೆಬ್ಬೆರಳನ್ನು ಗೆಣ್ಣಿಂದ ಗೆಣ್ಣಿಗೆ ಸರಿಸಿದರು.

“ಯುಗಾದಿ ಆಗಿ ಎಂಟನೇ ದಿನಕ್ಕ ಠರಾವು. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ. ಅಧಿಕ ಲೆಕ್ಕಕ್ಕಿಲ್ಲ. ದಸರಾ ಮುಂಚಿನ ಮಾನೌಮಿ ಅಮಾಸಿಗೆ ಆರ್ ತಿಂಗಳ. ಬೇಕಾದಷ್ಟ ಟೈಮ್ ಐತಿ. ಗಣಪ್ಪನ ಹಬ್ಬ ಮುಗಿಸಿ ಆರಾಮಾಗಿ ಹೋಗೂಣು.”

ಸಂಜೆಯ ಹೊತ್ತಿಗೆ ಊರಿನ ಎಲ್ಲ ಓಣಿಗಳಿಗೂ ಈ ಮಾತು ಮುಟ್ಟಿತು. ಮಾನೌಮಿ ಅಮಾಸಿ ತನಕ ಟೈಮ್ ಐತಿ, ಅಯ್ಯನೋರ ಹೇಳ್ಯಾರ. ಇನ್ನೊಬ್ಬರು ಎಣಿಸಿ ನೋಡಲಿಲ್ಲ. ಅಯ್ಯನೋರು ಎಣಿಸಿದ ಮೇಲೆ ಮತ್ತೆ ಎಣಿಸುವುದು ಯಾಕೆ?

ಅವತ್ತು ಕರಿಬಸಯ್ಯನವರ ಮನೆಯಲ್ಲಿ ಗಡಿಬಿಡಿ ಇತ್ತು. ಮರುದಿನ ಪಾಮನಕಲ್ಲೂರಿನಿಂದ ಮಗಳು ಐಶ್ವರ್ಯ ಮತ್ತು ಅಳಿಯ ಬರುವವರಿದ್ದರು. ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ಮೂರು ಹೋಳಿಗೆ ಇಟ್ಟು ಬಾಗಿನ ಕೊಡುವುದು ಅವರ ಮನೆಯ ಪದ್ಧತಿ. ಅವರ ಹೆಂಡತಿ ಅಂಬಮ್ಮ ಕಡಲೆಬೇಳೆ ಒಲೆಯ ಮೇಲಿಟ್ಟು ಬೇಯುವುದನ್ನು ನೋಡುತ್ತ ಕುಳಿತಿದ್ದರು. ಗುರುಬಸವ ಮಸ್ಕಿಯಿಂದ ಬಂದು ಹೊಸ್ತಿಲ ಮೇಲೆ ಕುಳಿತ.

“ಯವ್ವಾ, ಹಳ್ಳದ ದಂಡಿಮ್ಯಾಗ ಮಳಿಗಿ ಕಟ್ತಾರಂತ. ರೋಡಿಗೆ ಹತ್ತಿ ಐತಿ. ನಾನೂ ಒಂದ್ ಹಿಡೀತೀನಿ.”

“ಹಿಡಿಯಪ್ಪ. ಆದ್ರ ಮೊಬೈಲ್ ಬ್ಯಾಡ. ನೀರಿನ ಬಾಟ್ಲಿ ಇಡು.”

“ಯಾಕ?”

“ಮೊದಲನೇ ಗಿರಾಕಿ ನಾನ. ವರತಿ ಮುಚ್ಚಿದ ಮ್ಯಾಲ ಬಾಟ್ಲಿ ನೀರಿನ್ಯಾಗ ಬ್ಯಾಳಿ ಕುದಿಸ್ಬೇಕಲ್ಲ. ಮೂವತ್ಮೂರ್ ಹೋಳಿಗಿಗೆ ಎಷ್ಟ್ ಬಾಟ್ಲಿ ಬೇಕು, ನೀನ ಲೆಕ್ಕ ಹಾಕು.”

“ಬೋರಿನ ನೀರು ಐತಲ್ಲ ಬೇ.”

ಅಂಬಮ್ಮ ಎದ್ದು, ಬೆಳಿಗ್ಗೆ ಅವಸರದಲ್ಲಿ ಬೋರಿನ ನೀರಿಗೆ ಹಾಕಿದ್ದ ಬೇಳೆಯ ಪಾತ್ರೆ ತಂದು ಮಗನ ಮುಂದಿಟ್ಟರು. “ಒಂದ್ ಕಾಳ ಒತ್ತಿ ನೋಡು.” ಗುರುಬಸವ ಒತ್ತಿದ. ಕಾಳು ಬೆರಳ ನಡುವಿನಿಂದ ಚಿಮ್ಮಿ ಅಂಗಳಕ್ಕೆ ಹೋಗಿ ಬಿತ್ತು, ಕೋಳಿ ಓಡಿ ಬಂತು. “ಮುಂಜಾನಿಂದ ಕುದ್ದೈತಿ ಅದು,” ಎಂದರು ಅಂಬಮ್ಮ. “ಇದನ್ನ ಹೋಳಿಗಿ ಮಾಡಿ ಹಾಕಿದ್ರ ನಮ್ಮ ಅಳಿಯ ಮತ್ತ ಈ ಊರಿಗೆ ಬರ್ತಾನ?”

ಕೈಕಾಲು ತೊಳೆದುಕೊಂಡು ಬರುತ್ತಿದ್ದ ಕರಿಬಸಯ್ಯ ಇದನ್ನೆಲ್ಲ ಕೇಳಿಸಿಕೊಂಡರು. ಊಟಕ್ಕೆ ಕುಳಿತ ಮೇಲೆ, “ಹಬ್ಬ ಮುಗಿದ್ ಮ್ಯಾಲ ಲಿಂಗಸುಗೂರಿಗೆ ಹೋಗಿ ಬರೂಣು. ನೀನೂ ಬಾ. ಹೆಣ್ಣುಮಕ್ಕಳು ಬೇಕಂತ” ಎಂದರು.

ಹೀಗೆ ಅಯ್ಯನೋರು ಒಪ್ಪಿದರು. ಊರೂ ಒಪ್ಪಿತು. ಯಾರಿಗೂ ಅವಸರ ಮಾತ್ರ ಇರಲಿಲ್ಲ.

ನಿಜ ಶ್ರಾವಣ ಬಂದು ಹೋಯಿತು. ತೊಗರಿ ಮೊಣಕಾಲಿಗೆ ಬಂತು, ಸಜ್ಜೆ ತೆನೆ ಬಿಟ್ಟಿತು. ಗಣಪ್ಪ ಬಂದು ಮೂರನೇ ದಿನಕ್ಕೆ ಹಳ್ಳದ ನೀರಿನಲ್ಲೇ ಹೋದ. ಮರುದಿನ ಬೆಳಿಗ್ಗೆ ಅಂಬಿಕಾ ಕರಿಬಸಯ್ಯನವರ ಮನೆಗೆ ಬಂದಳು. ಬಗಲಲ್ಲಿ ದಪ್ಪ ಫೈಲು. ಹಿಂದೆಯೇ ಗದ್ದೆಮ್ಮ.

“ಎಲ್ಲಾ ಕಾಗದ ಆದ್ವು ಅಯ್ಯನೋರ. ಅವ್ವಂದು, ಅಂಬಮ್ಮಾರ್ದು ಸಹಿ ಬೇಕು. ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು.”

“ನಾಳೆ ಹೊಲದಾಗ ಆಳು ಬರ್ತಾವ. ಮುಂದಿನ ವಾರ ಪಿತೃಪಕ್ಷ ಹತ್ತತೈತಿ, ಅದೂ ಬ್ಯಾಡ. ಇನ್ನ ಇಪ್ಪತ್ಮೂರ್ ದಿನ ಐತಿ, ಯಾಕ ಜೀವ ತಿಂತಿ?”

ಅಂಬಿಕಾ ಅವರ ಮುಖ ನೋಡಿದಳು. “ಯಾವ ಇಪ್ಪತ್ಮೂರ್ರೀ?”

“ಮಾನೌಮಿ ಅಮಾಸಿಗೆ.”

“ಅಯ್ಯನೋರ, ಇವತ್ತು ಸೆಪ್ಟೆಂಬರ್ ಇಪ್ಪತ್ತೊಂದು. ವಾಯಿದೆ ಇರೋದು ಇಪ್ಪತ್ತೆಂಟರ ತನಕ. ಏಳ ದಿನ ಉಳದಾವ.”

“ನಿನ್ನ ಲೆಕ್ಕ ತಪ್ಪೈತಿ. ಆರ್ ತಿಂಗಳ ಅಂದಿ. ಯುಗಾದಿಂದ ಎಣಿಸು. ಐದು ಮುಗದಾವ, ಆರನೇದು ಈಗ ಹತ್ತೈತಿ.”

“ಕೋರ್ಟಿನ್ಯಾಗ ಚೈತ್ರ ವೈಶಾಖ ಇಲ್ರೀ. ಮಾರ್ಚ್ ಏಪ್ರಿಲ್ ಐತಿ.”

“ಯಾವ ಹೆಸರಿನ್ಯಾಗ ಕರದ್ರೂ ತಿಂಗಳ ತಿಂಗಳನ.”

ಇಬ್ಬರೂ ಬಿಡಲಿಲ್ಲ. ಒಬ್ಬರು ಪಂಚಾಂಗ ತಂದರು, ಇನ್ನೊಬ್ಬಳು ಮೊಬೈಲ್ ತೆಗೆದಳು. ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದ ಅಂಬಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಏನ್ರೀ, ಒಂದ್ ಮಾತ ಕೇಳ್ತೀನಿ. ಯುಗಾದಿ ಆದ ಮ್ಯಾಲ ನಾ ಎಷ್ಟ ಸಲ ರೇಷನ್ ಅಕ್ಕಿ ತಂದೀನಿ?”

“ನನಗೇನ್ ಗೊತ್ತು?”

“ನನಗ ಗೊತ್ತೈತಿ, ತಲಿಮ್ಯಾಗ ಹೊತ್ತಾಕಿ ನಾನು. ಆರ್ ಸಲ. ತಿಂಗಳಿಗೆ ಒಂದ ಸಲ ಕೊಡ್ತಾರ. ನಿಮ್ಮ ಪಂಚಾಂಗದಾಗ ಮುಗದಿದ್ದು ಐದ ತಿಂಗಳಂದ್ರ, ಒಂದ್ ತಿಂಗಳದ ಅಕ್ಕಿ ನನಗ ಹೆಚ್ಚಿಗಿ ಯಾರ ಕೊಟ್ರು?”

ಕರಿಬಸಯ್ಯ ಪಂಚಾಂಗದ ಹಾಳೆಗಳನ್ನು ಹಿಂದಕ್ಕೆ ತಿರುವಿದರು.

“ಅಧಿಕ ಮಾಸದಾಗ ಹೊಟ್ಟಿ ಹಸಿಯಾಂಗಿಲ್ಲ ಅಂತ ಡೀಲರ್ ಏನ್ ಅಕ್ಕಿ ನಿಲ್ಲಿಸ್ಲಿಲ್ಲ,” ಎಂದು ಹೇಳಿ ಅಂಬಮ್ಮ ಒಲೆಯ ಹತ್ತಿರ ಹೋದರು. ರೊಟ್ಟಿ ಸೀಯುತ್ತಿತ್ತು.

ಹೊರಗೆ ಕರಿಬಸಯ್ಯ ಮತ್ತೆ ಗೆಣ್ಣು ಎಣಿಸಿದರು. ಈ ಸಲ ಶ್ರಾವಣದ ಗೆಣ್ಣಿನ ಮೇಲೆ ಹೆಬ್ಬೆರಳು ಎರಡು ಸಲ ನಿಂತಿತು.

“ಅಧಿಕ ಬಿಟ್ಟು ಎಣಿಸಿದ್ದೆ,” ಎಂದರು ಮೆಲ್ಲಗೆ. “ಇಪ್ಪತ್ತೆಂಟು ದಾಟಿದ್ರ ಏನಾಗತೈತಿ ಬೇ?”

“ಇನ್ನ ಅರವತ್ತ ದಿನದ ಒಳಗ, ತಡ ಯಾಕಾತು ಅಂತ ಕಾರಣ ಹೇಳಿ ಬೇಡಿಕೋಬಹುದು. ಒಪ್ಪೋದು ಬಿಡೋದು ಅವರ ಮರ್ಜಿ. ಅದೂ ದಾಟಿದ್ರ ಬಾಗಲಾನ ಮುಚ್ಚಿತು.”

“ಏನ್ ಕಾರಣ ಹೇಳ್ತಿದ್ವಿ? ಸಂತೆದಿನ್ನಿ ಅಯ್ಯ ಅಧಿಕ ಮಾಸ ಮರ್ತಾನ ಅಂತಲೇನು?”

ಗದ್ದೆಮ್ಮ ತಡೆಯಲಾರದೆ ನಕ್ಕರು. ಕರಿಬಸಯ್ಯನವರೂ ನಕ್ಕರು. ಆಮೇಲೆ ಎದ್ದು ಹೆಗಲ ಮೇಲೆ ವಲ್ಲಿ ಹಾಕಿಕೊಂಡರು.

“ಎಲ್ಲಿಗ್ರೀ?” ಅಂಬಿಕಾ ಕೇಳಿದಳು.

“ಊರಿಗೆ ತಪ್ಪು ಹೇಳಿದಾವ ನಾನು. ನಾನ ಹೋಗಿ ತಿದ್ದಬೇಕು.”

ಅವರು ಮನೆಮನೆಗೆ ಹೋದರು. ತಮ್ಮ ಓಣಿ ಮುಗಿಸಿ ಗದ್ದೆಮ್ಮನವರ ಓಣಿಗೂ ಹೋದರು. ಅಲ್ಲಿಗೆ ಅವರು ಮುಹೂರ್ತ ಹೇಳಲು ಹೋಗಿದ್ದುಂಟು, ತಪ್ಪಾಯಿತು ಅಂತ ಹೇಳಲು ಹೋಗಿದ್ದು ಅದೇ ಮೊದಲು. ಸಮುದಾಯ ಭವನದ ಕಟ್ಟೆಯ ಮೇಲೆ ಕುಳಿತು, ಬಂದವರಿಗೆಲ್ಲ ಒಂದೇ ಮಾತು ಹೇಳಿದರು: ನಾ ಎಣಿಸಿದ್ದು ತಪ್ಪು, ಏಳ ದಿನ ಐತಿ, ಫೋಟೊ ಇದ್ದವರು ಫೋಟೊ ಕೊಡ್ರಿ, ಹಳ್ಳದ ನೀರು ಎಷ್ಟ ಮನಿ ಕುಡೀತಾವ ಅಂತ ಹೆಸರು ಬರಸ್ರಿ. ಒಬ್ಬ ಮುದುಕ, “ಹಂಗಾರ ನನ್ನ ಲಗ್ನದ ಮುಹೂರ್ತನೂ ತಪ್ಪಿತ್ತೇನ್ರೀ ಅಯ್ಯನೋರ? ಅವತ್ತಿಂದ ಬೈಸಿಕೊಳ್ಳಾಕತ್ತೀನಿ” ಎಂದ. ಕಟ್ಟೆಯೆಲ್ಲ ನಕ್ಕಿತು. ಮಧ್ಯಾಹ್ನದೊಳಗೆ ನೂರಾ ನಲವತ್ತು ಮನೆಗಳ ಹೆಸರಾಯಿತು. ಗುರುಬಸವ ಮೊಬೈಲಿನಲ್ಲಿ ಹಳ್ಳದ ಉದ್ದಕ್ಕೂ ನಡೆದು ವಿಡಿಯೊ ತೆಗೆದ. ಅವನ ವಿಡಿಯೊದಲ್ಲಿ ಒರತೆಯೂ ಇತ್ತು, ಅದರ ಪಕ್ಕದ ಸುಣ್ಣದ ಗೆರೆಯೂ ಇತ್ತು.

ಮರುದಿನ ಬೆಳಗಿನ ಬಸ್ಸಿಗೆ ಐದು ಮಂದಿ ಹತ್ತಿದರು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಅಂಬಮ್ಮ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಗದ್ದೆಮ್ಮನವರನ್ನು ಕೂರಿಸಿಕೊಂಡರು. “ಕೋರ್ಟಿಗೆ ಹೊಂಟೀನಂತ ನಮ್ಮ ತವರಾಗ ಕೇಳಿದ್ರ ಏನ್ ತಿಳ್ಕೊಂತಾರೋ” ಎಂದು ದಾರಿಯುದ್ದಕ್ಕೂ ಇಬ್ಬರೂ ನಗುತ್ತಿದ್ದರು. ಕರಿಬಸಯ್ಯ ಮಾತ್ರ ನಡುನಡುವೆ ಕಂಡಕ್ಟರನ ತಲೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು.

ಸಮಿತಿ ನೇಮಿಸಿದ ವಕೀಲರು ಮುಷರಫ್. ನಲವತ್ತರ ಆಸುಪಾಸು, ಮೆತ್ತಗಿನ ಮಾತು. ಫೈಲಿನ ಪ್ರತಿ ಹಾಳೆಯನ್ನೂ ಓದಿದರು.

“ಗೆರಿ ಎಳದಿದ್ದು ಜುಲೈದಾಗ. ಊರಿಗೆ ಗೊತ್ತಾಗಿದ್ದು ಆವಾಗ. ಅಲ್ಲಿಂದ ಎಣಿಸ್ರಿ ಅಂತ ನಾವು ವಾದ ಮಾಡಬಹುದು,” ಎಂದರು. “ಆದ್ರ ಎದುರಿನವ್ರು ಠರಾವಿನ ತಾರೀಖನ ಹಿಡೀತಾರ. ಯಾವಾಗ್ಲೂ ಮೊದಲನೇ ತಾರೀಖಿಂದ ಎಣಿಸಿಬಿಡಬೇಕು. ವಾದಕ್ಕ ಜಾಗಾನ ಕೊಡಬಾರ್ದು. ಛಲೋ ಮಾಡಿದ್ರಿ, ಟೈಮಿಗೆ ಬಂದ್ರಿ.”

ಅಂಬಮ್ಮ ಗಂಡನ ಕಡೆ ನೋಡಿದರು. ಕರಿಬಸಯ್ಯ ಗೋಡೆಯ ಕಡೆ ನೋಡಿದರು.

ಮುಷರಫ್ ನಕ್ಷೆಯ ಮೇಲೆ ಬೆರಳಿಟ್ಟರು. “ಇಲ್ಲೆ ಎರಡ ಗುಂಡಿ ತೋರ್ಸೀರಿ. ಹತ್ತ ಮಾರ ದೂರದಾಗ. ಒಂದ ನೀರಿಗೆ ಎರಡ ವರತಿ ಯಾಕ? ಅವ್ರು ಕೇಳಿದ್ರ ಏನ್ ಹೇಳಬೇಕು?”

ಗದ್ದೆಮ್ಮ ತಲೆ ತಗ್ಗಿಸಿದರು. ಮೇಲಿನ ಗುಂಡಿ ಅಂಬಮ್ಮನವರ ಓಣಿಯದು, ಕೆಳಗಿನದು ಗದ್ದೆಮ್ಮನವರ ಓಣಿಯದು ಅಂತ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

“ಹಿಂದಿನವ್ರು ಹಂಗ ಮಾಡಿಟ್ಟಿದ್ರು,” ಎಂದರು ಅಂಬಮ್ಮ. “ಅರ್ಜ್ಯಾಗ ಒಂದ ವರತಿ ಅಂತ ಬರೀರಿ.”

“ಇರೋದನ್ನ ಬರೀಬೇಕಲ್ರೀ ಅಮ್ಮಾ, ಕೋರ್ಟಿಗೆ ಸುಳ್ಳು ಹೇಳೋ ಹಂಗಿಲ್ಲ.”

“ಹಂಗಾರ ಇವತ್ತ ಎರಡು ಅಂತ ಬರೀರಿ. ಅವ್ರು ನೋಡಾಕ ಬರೂದ್ರಾಗ ಒಂದ ಮಾಡ್ತೀವಿ.”

ಗದ್ದೆಮ್ಮ ತಲೆ ಎತ್ತಿ ಅವರನ್ನು ನೋಡಿದರು. ಕರಿಬಸಯ್ಯ ಗಂಟಲು ಸರಿಮಾಡಿಕೊಂಡರು, ಆದರೆ ಬೇಡ ಅನ್ನಲಿಲ್ಲ.

ಗದ್ದೆಮ್ಮ ಹೆಬ್ಬೆಟ್ಟು ಒತ್ತಿದರು. ಅಂಬಮ್ಮ ಮೂರು ಅಕ್ಷರದ ಸಹಿ ಮಾಡಿದರು. ಅರ್ಜಿದಾರರು ಇವರಿಬ್ಬರೇ. ಕರಿಬಸಯ್ಯನವರ ಹೆಸರು ಎಲ್ಲಿ ಅಂತ ಗುರುಬಸವ ಹುಡುಕಿದ. ಅಂಬಮ್ಮನವರ ಹೆಸರಿನ ಮುಂದೆ ‘ಗಂಡ ಕರಿಬಸಯ್ಯ’ ಅಂತ ಸಣ್ಣದಾಗಿ ಇತ್ತು. “ಅಪ್ಪಾ, ಇಲ್ಲಿ ಮೂಲ್ಯಾಗ ಅದೀರಿ ನೋಡ್ರಿ,” ಎಂದ.

ಅರ್ಜಿ ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಸೇರಿತು. ಎರಡು ದಿನ ಮೊದಲು.

ದೀಪಾವಳಿಗೆ ಮುಂಚೆ ಮೊದಲ ಆದೇಶ ಬಂತು. ಜಾಗ ಪರಿಶೀಲನೆ ಆಗುವ ತನಕ ಹಳ್ಳಕ್ಕೆ ಒಂದು ಬುಟ್ಟಿ ಮಣ್ಣನ್ನೂ ಹಾಕುವಂತಿಲ್ಲ. ಅಂಬಿಕಾ ಫೋನಿನಲ್ಲಿ ಓದಿ ಹೇಳಿದಾಗ ಹೊಲದಲ್ಲಿ ಸಜ್ಜೆ ಕೊಯ್ಯುತ್ತಿದ್ದವರು ಕುಡುಗೋಲು ಬಿಟ್ಟು ಒಬ್ಬರಿಗೊಬ್ಬರು ಕೂಗಿ ಹೇಳಿದರು. ಒಂದು ಹೊಲದಿಂದ ಇನ್ನೊಂದಕ್ಕೆ ಆ ಸುದ್ದಿ ಹಾಗೇ ಹೋಯಿತು.

ಅದಾದ ಒಂದೂವರೆ ತಿಂಗಳಿಗೆ ಅಧಿಕಾರಿಗಳ ತಂಡ ಬಂತು. ಟೇಪು ಹಿಡಿದು ಹಳ್ಳ ಅಳೆದರು. ಅಷ್ಟರೊಳಗೆ ಎರಡೂ ಓಣಿಯ ಹೆಣ್ಣುಮಕ್ಕಳು ಸೇರಿ ಎರಡು ಗುಂಡಿಯ ನಡುವಿನ ಉಸುಕು ತೆಗೆದು ಒಂದೇ ಅಗಲವಾದ ಒರತೆ ಮಾಡಿದ್ದರು. ಆ ದಿನ ಅಲ್ಲಿ ಸಂತೆಯ ಗದ್ದಲ. ಒಬ್ಬಾಕೆಯ ಕೊಡ ಇನ್ನೊಬ್ಬಾಕೆ ಎತ್ತುವುದು, ಉಸುಕಿನಲ್ಲಿ ಜಾರುವುದು, ನಗುವುದು. ತಂಡದ ದೊಡ್ಡ ಅಧಿಕಾರಿಗೆ ಗದ್ದೆಮ್ಮ ಚೊಂಬಿನಲ್ಲಿ ನೀರು ಕೊಟ್ಟರು. ಅವರು ಕುಡಿದು, ಇನ್ನೊಂದು ಚೊಂಬು ಕೇಳಿದರು.

ನಕ್ಷೆಯಲ್ಲಿ ಹಳ್ಳವನ್ನು ಬಿಟ್ಟಿದ್ದು ತಪ್ಪು ಅಂತ ತಂಡ ವರದಿ ಕೊಟ್ಟಿತು. ಪಟ್ಟಣ ಪಂಚಾಯಿತಿಯವರೂ ಹಟ ಹಿಡಿಯಲಿಲ್ಲ. ಹಳ್ಳದ ಠರಾವು ರದ್ದು ಮಾಡಿ, ಹಳೆಯ ಸಂತೆ ಮೈದಾನದಲ್ಲಿ ಮಳಿಗೆ ಕಟ್ಟುತ್ತೇವೆ ಅಂತ ಸಂಕ್ರಾಂತಿಯ ಹೊತ್ತಿಗೆ ಹೊಸ ಠರಾವು ಮಾಡಿದರು. ನ್ಯಾಯಮಂಡಳಿ ಅದನ್ನು ದಾಖಲು ಮಾಡಿಕೊಂಡು, ಹಳ್ಳದ ಗಡಿಗೆ ಕಲ್ಲು ನೆಡಲು ಹೇಳಿ ಅರ್ಜಿ ಮುಗಿಸಿತು. ಈ ಸಲ ಮುಖ್ಯಾಧಿಕಾರಿ ನಕ್ಷೆಯನ್ನು ಮೊದಲೇ ಊರ ಮುಂದೆ ಇಟ್ಟು, ತಕರಾರು ಇದ್ದರೆ ಹೇಳಿ ಅಂದರು. ಗುರುಬಸವ ಒಂದೇ ತಕರಾರು ಹೇಳಿದ. ಮಳಿಗೆಯ ಮುಂದೆ ನೆರಳಿಗೆ ಬೇವಿನ ಗಿಡ ಬೇಕು. ಅದನ್ನೂ ಬರೆದುಕೊಂಡರು.

ಆದೇಶದ ನಕಲು ತರಲು ಕರಿಬಸಯ್ಯ ಒಬ್ಬರೇ ಲಿಂಗಸುಗೂರಿಗೆ ಹೋದರು. ಹೊಸ ವಲ್ಲಿ ಹೊದ್ದಿದ್ದರು. ಕಿಸೆಯಲ್ಲಿ ಎಲೆ ಅಡಿಕೆ, ಅದರೊಳಗೆ ಮಡಚಿದ ಒಂದು ಸಾವಿರದ ಒಂದು ರೂಪಾಯಿ. ಅದನ್ನು ಮುಷರಫ್ ಅವರ ಮೇಜಿನ ಮೇಲೆ ಇಟ್ಟರು.

“ಏನ್ರೀ ಇದು ಸ್ವಾಮೇರ?”

“ದಕ್ಷಿಣಿ.”

“ತಗೊಳ್ಳೋ ಹಂಗಿಲ್ರೀ. ಸಮಿತಿ ಕಡಿಂದ ಬಂದ ಕೇಸಿಗೆ ಒಂದ ರೂಪಾಯಿ ಮುಟ್ಟಿದ್ರೂ ಅದು ತಪ್ಪಾಗತೈತಿ.”

“ದಕ್ಷಿಣಿ ಬ್ಯಾಡ ಅನ್ನಬಾರ್ದು.”

“ನೀವು ಕೊಡೂದು ಬ್ಯಾಡ, ನಾ ತಗೊಳ್ಳೂದು ಬ್ಯಾಡ. ಎಲಿ ಅಡಿಕಿ ಮಾತ್ರ ಕೊಡ್ರಿ.”

ಪಕ್ಕದ ಕೋಣೆಯಲ್ಲಿ ಅಂಬಿಕಾ ಇನ್ಯಾರದೋ ಅರ್ಜಿ ಬರೆಯುತ್ತಿದ್ದಳು. ಕರಿಬಸಯ್ಯ ಅಲ್ಲಿಗೂ ಹೋಗಿ ಕೈ ಚಾಚಿದರು. ಅವಳು ಪೆನ್ನು ಕೆಳಗಿಡದೆ ತಲೆಯಾಡಿಸಿದಳು. “ನನಗ ಸರ್ಕಾರ ದಿನದ ಗೌರವಧನ ಕೊಡತೈತಿ ಅಯ್ಯನೋರ. ಇದನ್ನ ಹಿಂಗ ಇಟ್ಕೋರಿ.”

ನಲವತ್ತು ವರ್ಷ ಬೇರೆಯವರ ಮನೆಯಲ್ಲಿ ದಕ್ಷಿಣೆ ತೆಗೆದುಕೊಂಡವರು ಕರಿಬಸಯ್ಯ. ತಾವು ಕೊಡಲು ಬಂದ ದಿನ ತೆಗೆದುಕೊಳ್ಳುವವರೇ ಇಲ್ಲ. ಆವರಣದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತರು. ಬೆಂಚಿನ ಇನ್ನೊಂದು ತುದಿಯಲ್ಲಿ ಗುರುಗುಂಟಾ ಕಡೆಯ ಒಬ್ಬ ಹೆಂಗಸು ಕುಳಿತಿದ್ದಳು. ಕೈಯಲ್ಲಿ ಒಂದು ನೋಟಿಸು, ಮುಖದಲ್ಲಿ ಭಯ. ಕುರಿ ನೀರು ಕುಡಿಯುವ ಕೆರೆಯ ವಿಷಯ ಅಂತ ಹೇಳಿದಳು.

ಕರಿಬಸಯ್ಯ ಅವಳ ಕಡೆ ಸರಿದು ಕುಳಿತರು.

“ಮೊದಲ ತಾರೀಖು ಹೇಳಬೇ ತಂಗಿ,” ಎಂದರು. “ಠರಾವು ಯಾವತ್ತು ಆಗೈತಿ? ಹಬ್ಬದ ಹೆಸರು ಹೇಳಬ್ಯಾಡ, ಕ್ಯಾಲೆಂಡರಿನ ತಾರೀಖು ಹೇಳು.”

ಆ ಸಾವಿರದ ಒಂದು ರೂಪಾಯಿ ಇನ್ನೂ ಅವರ ಕಿಸೆಯಲ್ಲೇ ಇದೆ. ಸಾಲ ಹಾಗೇ ಉಳಿದಿದೆ.

ಈ ಕಥೆ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನಲ್ಲೂ ಒಂದು ಹಳ್ಳ ಇರುತ್ತದೆ, ಒಂದು ಕೆರೆ ಇರುತ್ತದೆ, ದನ ಮೇಯುವ ಒಂದು ಗೋಮಾಳ ಇರುತ್ತದೆ. ನಿಮ್ಮ ಪಂಚಾಯಿತಿ, ಪುರಸಭೆ ಅದರ ಬಗ್ಗೆ ಏನು ಠರಾವು ಮಾಡಿದೆ ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದರೆ ಅದರ ನಕಲು ನಿಮ್ಮ ಕೈಗೆ ಬರುತ್ತದೆ, ಪುಟಗಳ ಶುಲ್ಕ ಬೇರೆ. ನಕ್ಷೆಯಲ್ಲಿ ನಿಮ್ಮ ನೀರು ಇದೆಯೋ ಇಲ್ಲವೋ ನೀವೇ ನೋಡಿ. ಇಲ್ಲದಿದ್ದರೆ ಮೊದಲು ಅವರಿಗೇ ಲಿಖಿತವಾಗಿ ತಕರಾರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಷ್ಟಕ್ಕೇ ಕೂರಬೇಡಿ. ಹಸಿರು ನ್ಯಾಯಮಂಡಳಿಗೆ ಇಂಥ ಅರ್ಜಿ ಹಾಕಲು ಆರು ತಿಂಗಳು ಇರುತ್ತದೆ, ಕೆಲವು ಮೇಲ್ಮನವಿಗೆ ಮೂವತ್ತೇ ದಿನ. ನಿಮ್ಮದು ಯಾವುದು ಅಂತ ತಿಳಿಯಲು ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100 ಸಂಖ್ಯೆಗೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರು ಉಚಿತ. ಯಾರಿಗೂ ಏನೂ ಕೊಡಬೇಕಾಗಿಲ್ಲ.

ಹೋಗುವುದಾದರೆ ಇವತ್ತೇ ಹೊರಡಿ. ಇವತ್ತು ತಾರೀಖು ಎಷ್ಟು ಅಂತ ಈಗಲೇ ಒಮ್ಮೆ ನೋಡಿಕೊಳ್ಳಿ.